ಹೊಲಿಗಿ ಬಿಟ್ಟದ ಅಂದರೆ ಏನು ಬಿಟ್ಟದ?

ಕೇಳುಗರಿಗೆ ನಮಸ್ಕಾರ.

"ಹೊಲಿಗಿ ಬಿಟ್ಟದ ನೋಡ್ರಿ." ಕಲಬುರಗಿಯ ಟೇಲರ್ ಅಂಗಡಿಗಳಲ್ಲಿ ದಿನಾ ಕಿವಿಗೆ ಬೀಳುವ ಮಾತಿದು. ಗಿರಾಕಿ ಜಂಪರ್, ಅಂದರೆ ರವಿಕೆ, ತಂದು ಹೀಗಂದರೆ, ಬಗಲಲ್ಲಿ ಬಿಚ್ಚಿಕೊಂಡಿದೆ ಎಂದರ್ಥ. ಮಷಿನ್ ಮುಂದೆ ಕುಳಿತ ಹುಡುಗಿ ಅಂದರೆ, ದಾರ ನಡುನಡುವೆ ಬಟ್ಟೆ ಹಿಡಿಯದೆ ತಪ್ಪಿಸಿಕೊಳ್ಳುತ್ತಿದೆ ಎಂದರ್ಥ. ಇನ್ನು ಟೇಲರ್ ತಾನೇ "ಒಳಗ ಹೊಲಿಗಿ ಬಿಟ್ಟೀನ್ರೀ ಅಕ್ಕಾರ" ಅಂದರೆ ಅದು ದೂರಲ್ಲ. ಮುಂದೆ ಬಿಗಿಯಾದರೆ ಬಿಚ್ಚಿಕೊಳ್ಳಲು ಬಟ್ಟೆ ಉಳಿಸಿದ್ದೇನೆ ಎಂಬ ಭರವಸೆ.

"ಹೊಲಿಗಿ ಎಷ್ಟ್ರೀ?" ಎಂದರೆ ಕೂಲಿ ಕೇಳಿದಂತೆ. ಉರ್ದು ಮಾತಾಡುವ ಟೇಲರ್ ಇದನ್ನೇ ಸಿಲಾಯಿ ಅನ್ನುತ್ತಾರೆ. ದವಾಖಾನೆಯಲ್ಲಿ "ಏಳು ಹೊಲಿಗಿ ಬಿದ್ದಾವ" ಎಂದಾಗ ಗಾಯದ ಹೊಲಿಗೆಯನ್ನು ಒಂದೊಂದಾಗಿ ಎಣಿಸುತ್ತೇವೆ. ಗಾಯಕ್ಕೆ ಸಾಮಾನ್ಯವಾಗಿ ಪ್ರತಿ ಹೊಲಿಗೆಗೂ ಬೇರೆ ಗಂಟು ಬೀಳುತ್ತದೆ. ಒಂದು ಸಡಿಲಾದರೂ ಪಕ್ಕದ್ದು ಹಿಡಿದಿರುತ್ತದೆ. ಬಟ್ಟೆಯಲ್ಲಿ ಹಾಗಿಲ್ಲ, ಅಲ್ಲಿ ಒಂದೇ ದಾರ ಸಾಲುದ್ದಕ್ಕೂ ಓಡುತ್ತದೆ. ಈ ಎರಡು ಅರ್ಥಗಳನ್ನು ಇಲ್ಲಿಗೇ ಬಿಡೋಣ. ಗೊಂದಲವಿರುವುದು ಮೊದಲಿನ ಮೂರರಲ್ಲಿ. ಯಾವ ಹೊಲಿಗೆ ಎಂದು ಕೇಳದೆ ರಿಪೇರಿಗೆ ಕೈ ಹಾಕಿದರೆ ಕೆಟ್ಟದ್ದು ಒಂದು, ತಿರುಪು ತಿರುಗಿಸಿದ್ದು ಇನ್ನೊಂದು ಎಂಬಂತಾಗುತ್ತದೆ.

ಮಷಿನ್ ತಪ್ಪಿಸುವ ಹೊಲಿಗೆಯನ್ನು ಮೊದಲು ನೋಡೋಣ. ಕಾಲಲ್ಲಿ ತುಳಿಯುವ ಕಪ್ಪು ಮಷಿನ್ ಎರಡು ದಾರಗಳಿಂದ ಹೊಲಿಯುತ್ತದೆ, ಮೇಲೆ ರೀಲಿನದು, ಕೆಳಗೆ ಬಾಬಿನ್ ಎಂಬ ಪುಟ್ಟ ಸುರುಳಿಯದು. ಸೂಜಿ ಪೂರ್ತಿ ಕೆಳಗಿಳಿದು ಸುಮಾರು 2 ಮಿ.ಮೀ. ಮೇಲೇಳುವಷ್ಟರಲ್ಲಿ ಅದರ ಕಣ್ಣಿನ ಬಳಿ ದಾರ ಸಡಿಲಾಗಿ ಪುಟ್ಟ ಕುಣಿಕೆಯಾಗುತ್ತದೆ. ಬಾಬಿನ್ ಕೂರುವ ಶಟಲ್ಲಿನ ಮೊನೆ ಆ ಕುಣಿಕೆಯೊಳಗೆ ಹೊಕ್ಕು, ದಾರವನ್ನು ಬಾಬಿನ್ ಸುತ್ತ ದಾಟಿಸಬೇಕು. ಮೊನೆಗೆ ಕುಣಿಕೆ ಸಿಗದಿದ್ದರೆ ಆ ಹೊಲಿಗೆ ಬೀಳುವುದಿಲ್ಲ. ಮೇಲಿನಿಂದ ನೋಡಿದರೆ ಅಲ್ಲಿ ಎರಡು ಹೊಲಿಗೆಯಷ್ಟು ಉದ್ದದ ದಾರ ಸುಮ್ಮನೆ ಬಿದ್ದಿರುತ್ತದೆ.

ಹೀಗಾದಾಗ ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಸೂಜಿ ಬದಲಿಸಿ. ಮಷಿನ್ನಿನ ಅಗ್ಗದ ಭಾಗಗಳಲ್ಲಿ ಅದೂ ಒಂದು. ಸೂಜಿ ಬಾಗಿದೆಯೋ ಇಲ್ಲವೋ ಎಂದು ತಿಳಿಯಲು ಬುಡದ ಚಪ್ಪಟೆ ಭಾಗವನ್ನು ಕನ್ನಡಿಯ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಸೂಜಿಗೂ ಕನ್ನಡಿಗೂ ನಡುವಿನ ಸಂದು ಉದ್ದಕ್ಕೂ ಒಂದೇ ಸಮನಾಗಿರಬೇಕು, ತುದಿಯಲ್ಲಿ ಕಿರಿದಾದರೆ ಅಥವಾ ಅಗಲವಾದರೆ ಆ ಸೂಜಿ ಬಿಸಾಡಿ. ಹೊಸದನ್ನು ಹಾಕುವಾಗ ತಡೆಯುವವರೆಗೆ ಮೇಲಕ್ಕೆ ಒತ್ತಿ ತಿರುಪು ಬಿಗಿಯಿರಿ. ಉದ್ದನೆಯ ಗೀರು ಇರುವ ಮಗ್ಗುಲಿನಿಂದ ದಾರ ಒಳಹೋಗಬೇಕು, ಚಪ್ಪಟೆ ಮಗ್ಗುಲು ಶಟಲ್ ಕಡೆ ಇರಬೇಕು. ತಿರುಗಿಸಿ ಹಾಕಿದರೆ ಒಂದು ಹೊಲಿಗೆಯೂ ಬೀಳದಿರಬಹುದು.

ನಂಬರೂ ಮುಖ್ಯ. ಸಾದಾ ಹತ್ತಿ ಬಟ್ಟೆಗೆ 14, ಜಾರ್ಜೆಟ್‌ನಂಥ ತೆಳು ಬಟ್ಟೆಗೆ 11, ಜೀನ್ಸಿಗೆ 16 ಅಥವಾ 18. ಪ್ಯಾಕೆಟ್ ಮೇಲೆ 14ರ ಜೊತೆ 90 ಎಂದು ಇರುತ್ತದೆ, ಅಂದರೆ ಸೂಜಿಯ ದಪ್ಪ 0.90 ಮಿ.ಮೀ. ಟೀ ಶರ್ಟಿನಂಥ ಹಿಗ್ಗುವ ಬಟ್ಟೆಗೆ ನಂಬರ್ ಸರಿಯಿದ್ದರೂ ಸಾಲದು, ಗುಂಡು ಮೊನೆಯ ಬಾಲ್‌ಪಾಯಿಂಟ್ ಸೂಜಿಯೇ ಬೇಕು. ಚೂಪು ಮೊನೆ ಹೆಣಿಗೆಯ ಎಳೆ ಕತ್ತರಿಸುತ್ತದೆ, ಹೊಲಿಗೆಯನ್ನೂ ತಪ್ಪಿಸುತ್ತದೆ.

ಬಟ್ಟೆಯ ಅಡಿಯಲ್ಲಿ ದಾರ ಗೋಜಲಾದರೆ ಎಲ್ಲರೂ ಬಾಬಿನ್ನಿಗೆ ಬೈಯುತ್ತಾರೆ. ತಪ್ಪು ಬಹಳ ಸಲ ಮೇಲಿನ ದಾರದ್ದು. ದಾರ ಪೋಣಿಸುವಾಗ ಬಟ್ಟೆ ಒತ್ತುವ ಪಾದವನ್ನು ಎತ್ತಿಟ್ಟಿರಬೇಕು. ಆಗಷ್ಟೇ ದಾರಕ್ಕೆ ಬಿಗಿ ಕೊಡುವ ಟೆನ್ಶನ್ ಬಿಲ್ಲೆಗಳು ಸಡಿಲಾಗಿ ದಾರ ಅವುಗಳ ನಡುವೆ ಕೂರುತ್ತದೆ. ಕೂರದಿದ್ದರೆ ಬಿಗಿ ಸಿಗದ ದಾರ ಕೆಳಗೆ ಹೋಗಿ ಗುಡ್ಡೆ ಬೀಳುತ್ತದೆ. ಪರೀಕ್ಷೆಗೆ ಮೇಲೆ ಕೆಂಪು ದಾರ, ಕೆಳಗೆ ನೀಲಿ ದಾರ ಹಾಕಿ ತುಂಡು ಬಟ್ಟೆಯನ್ನು ಎರಡು ಪದರ ಮಾಡಿ ಹೊಲಿಯಿರಿ. ಮೇಲ್ಮೈಯಲ್ಲಿ ನೀಲಿ ಚುಕ್ಕೆ ಕಂಡರೆ ಮೇಲಿನ ಟೆನ್ಶನ್ ಬಿಗಿಯಾಗಿದೆ, ಅಡಿಯಲ್ಲಿ ಕೆಂಪು ಕಂಡರೆ ಸಡಿಲವಾಗಿದೆ. ಎರಡೂ ದಾರ ಬಟ್ಟೆಯ ದಪ್ಪದೊಳಗೇ ಸಂಧಿಸಬೇಕು. ಶಟಲ್ ಬಳಿಯ ಹತ್ತಿ ಧೂಳನ್ನು ಬ್ರಶ್‌ನಿಂದ ತೆಗೆದು ಒಂದು ಹನಿ ಮಷಿನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅದು ಅಂಟಾಗಿ ಗಟ್ಟಿಯಾಗುತ್ತದೆ.

ಈಗ ಜಂಪರ್ ಬಗಲಲ್ಲಿ ಬಿಚ್ಚಿದ ಹೊಲಿಗೆ. ಇಲ್ಲಿ ಹೊಲಿಗೆ ಎಂದರೆ ಎರಡು ತುಂಡು ಕೂಡಿದ ಜೋಡು. ಬಿಚ್ಚಿದ ಜಾಗವನ್ನು ಹತ್ತಿರ ಹಿಡಿದು ನೋಡಿ. ಬಟ್ಟೆ ಗಟ್ಟಿಯಿದ್ದು ದಾರವೇ ಹರಿದಿದ್ದರೆ, ಒಂದೋ ದಾರ ಹಳತು, ಇಲ್ಲವೇ ಹಿಗ್ಗುವ ಜಾಗದಲ್ಲಿ ಹೊಲಿಗೆ ಉದ್ದವಾಯಿತು. ಸಾಮಾನ್ಯ ಹೊಲಿಗೆ 2.5 ಮಿ.ಮೀ., ಅಂದರೆ ಇಂಚಿಗೆ ಸುಮಾರು ಹತ್ತು. ಬಗಲಿಗೆ 2 ಮಿ.ಮೀ. ಇಟ್ಟು, 3 ಮಿ.ಮೀ. ಪಕ್ಕದಲ್ಲಿ ಇನ್ನೊಂದು ಸಾಲು ಹಾಕಿ. ಶುರುವಿಗೂ ಕೊನೆಗೂ ಮೂರು ನಾಲ್ಕು ಹೊಲಿಗೆ ಹಿಂದಕ್ಕೆ ಹೊಲಿದು ಗಟ್ಟಿ ಮಾಡಿ.

ದಾರ ಹಾಗೇ ಇದ್ದು, ಅದರ ಪಕ್ಕದ ಬಟ್ಟೆಯ ಎಳೆಗಳು ಸರಿದು ಏಣಿಯ ಮೆಟ್ಟಿಲಿನಂತೆ ಜಾಳಾಗಿದ್ದರೆ ಅದು ಬೇರೆಯೇ ರೋಗ. ರೇಷ್ಮೆ ಮತ್ತು ನುಣುಪು ಪಾಲಿಯೆಸ್ಟರ್ ಜಂಪರ್‌ಗಳಲ್ಲಿ ಇದು ಹೆಚ್ಚು. ಅದರ ಮೇಲೇ ಮತ್ತೊಮ್ಮೆ ಹೊಲಿದು ಪ್ರಯೋಜನವಿಲ್ಲ, ಸರಿಯುವುದು ಬಟ್ಟೆ. ಅಸ್ತರ್, ಅಂದರೆ ಒಳಪದರದ ಬಟ್ಟೆ, ಸೇರಿಸಿ ಎರಡನ್ನೂ ಒಟ್ಟಿಗೆ ಹೊಲಿಯಬೇಕು, ಬಗಲು ಎದೆಗಳಲ್ಲಿ ಬಿಗಿ ತಗ್ಗಿಸಬೇಕು. ದಾರದ ಜೊತೆ ಅಂಚಿನ ಎಳೆಗಳೇ ಕಿತ್ತು ಬಂದಿದ್ದರೆ ಒಳಗೆ ಬಟ್ಟೆ ಸಾಲದು ಎಂದು ತಿಳಿಯಿರಿ. ಅಲ್ಲಿ ಕನಿಷ್ಠ 1.5 ಸೆಂ.ಮೀ. ಇರಬೇಕು, ಅಂಚಿಗೆ ಎಳೆ ಬಿಚ್ಚದಂತೆ ಇಂಟರ್‌ಲಾಕ್ ಹೊಲಿಗೆ ಆಗಬೇಕು. ಸಣ್ಣ ಹೊಲಿಗೆ ಗಟ್ಟಿ ಎನ್ನುವ ನಂಬಿಕೆ ಅರ್ಧ ಮಾತ್ರ ನಿಜ. ತೀರ ಸಣ್ಣದಾದರೆ ಸೂಜಿಯ ತೂತುಗಳು ಒತ್ತೊತ್ತಾಗಿ ತೆಳು ಬಟ್ಟೆ ಅದೇ ಗೆರೆಯಲ್ಲಿ ಹರಿಯುತ್ತದೆ.

ಇನ್ನು "ಒಳಗ ಬಿಟ್ಟ" ಹೊಲಿಗೆಯ ಲೆಕ್ಕ. ಜಂಪರ್ ಪಕ್ಕಕ್ಕೆ ಕಾಲು ಕಾಲು ಇಂಚಿನ ಅಂತರದಲ್ಲಿ ಎರಡು ಮೂರು ಸಾಲು ಹಾಕಿರುತ್ತಾರೆ. ಒಳಗಿನ ಒಂದು ಸಾಲು ಬಿಚ್ಚಿದರೆ ಮುಂದಿನ ತುಂಡಿಗೆ ಕಾಲು ಇಂಚು, ಬೆನ್ನಿನ ತುಂಡಿಗೆ ಕಾಲು ಇಂಚು ಸಿಗುತ್ತದೆ. ಎರಡೂ ಮಗ್ಗುಲು ಸೇರಿ ಸುತ್ತಳತೆ ಪೂರ್ತಿ ಒಂದು ಇಂಚು ಹೆಚ್ಚುತ್ತದೆ. ಅರ್ಧ ಇಂಚಷ್ಟೇ ಬೇಕಿದ್ದರೆ ಒಂದೇ ಮಗ್ಗುಲು ಬಿಚ್ಚಬೇಡಿ, ಜಂಪರ್ ಆ ಕಡೆ ಎಳೆಯುತ್ತದೆ. ಎರಡೂ ಕಡೆ ಸಾಲು ಬಿಚ್ಚಿ, ನಡುವೆ ಹೊಸ ಸಾಲು ಹಾಕಿಸಿ. ತೋಳಿನ ಒಳಹೊಲಿಗೆಯನ್ನೂ ಅಷ್ಟೇ ಬಿಚ್ಚಬೇಕು. ಮರೆತರೆ ಕಂಕುಳಿನ ಸುತ್ತು ದೊಡ್ಡದಾಗಿ, ತೋಳು ಕೂರುವುದಿಲ್ಲ. ಬಟ್ಟೆ ಕೊಡುವಾಗಲೇ "ಪಕ್ಕದಾಗ ಎಷ್ಟು ಇಂಚು ಬಿಡ್ತೀರಿ?" ಎಂದು ಅಳತೆಯಲ್ಲಿ ಕೇಳಿ. "ಬಿಡ್ತೀನ್ರೀ" ಎಂಬ ಉತ್ತರಕ್ಕೆ ಅಳತೆಯಿಲ್ಲ.

ಬಿಡಲೆಂದೇ ಹಾಕುವ ಹೊಲಿಗೆಯೂ ಉಂಟು.  ನಮ್ಮ ಜಿಲ್ಲೆಯ ತೊಗರಿ ಚೀಲದ ಬಾಯಿ ನೋಡಿ. ದಬ್ಬಣ ಸುತಳಿಯಿಂದ ಕೈಯಲ್ಲಿ ಹೊಲಿದದ್ದನ್ನು ಕತ್ತರಿಸಿಯೇ ತೆಗೆಯಬೇಕು. ಚೀಲ ಹೊಲಿಯುವ ಕೈಮಷಿನ್ ಹಾಕುವುದು ಸರಪಳಿ ಹೊಲಿಗೆ. ಅದರಲ್ಲಿ ಒಂದೊಂದು ಕುಣಿಕೆಯನ್ನೂ ಮುಂದಿನ ಕುಣಿಕೆ ಹಿಡಿದಿರುತ್ತದೆ, ಕೊನೆಯದನ್ನು ಹಿಡಿಯುವವರು ಯಾರೂ ಇಲ್ಲ. ಆದ್ದರಿಂದ ಅದು ಹೊಲಿದು ಮುಗಿಸಿದ ತುದಿಯಿಂದಷ್ಟೇ ಸರಸರನೆ ಬಿಚ್ಚುತ್ತದೆ. ಶುರು ಮಾಡಿದ ತುದಿಯಿಂದ ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಹೊಲಿಯುವವರು ಚೀಲ ದಾಟಿದ ಮೇಲೂ ಎರಡು ಇಂಚು ಬರಿ ಸರಪಳಿ ಓಡಿಸಿ ದಾರ ಕತ್ತರಿಸಬೇಕು. ಅಂಚಿಗೇ ಕತ್ತರಿಸಿದ ಚೀಲದ ಬಾಯಿ ಲಾರಿಯ ಅಲುಗಾಟಕ್ಕೇ ಬಿಚ್ಚಿಕೊಳ್ಳಬಹುದು.

ನಮಸ್ಕಾರ.