ಮಳೆಗಾಲ, ಕರೆಂಟು, ವಿಂಡೋಸ್ ಅಪ್‌ಡೇಟು

ಕಿಟಕಿ ಆಚೆ ಮಡಿಕೇರಿ. ಕಕ್ಕಡ ತಿಂಗಳು, ಎದುರಿನ ಗುಡ್ಡ ಇದೆಯೋ ಇಲ್ವೋ ಅನ್ನೋ ಹಾಗೆ ಮಂಜು. ಮೇಜಿನ ಮೇಲೆ ಕಂಪ್ಯೂಟರು, ಪರದೆ ಮೇಲೆ ಅಪ್‌ಡೇಟಿನ ಚಕ್ರ, 30 ಪರ್ಸೆಂಟ್. ಈಗ ಎಲ್ಲೋ ತೋಟದಲ್ಲಿ ಒಂದು ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿತ್ತು ಅಂದ್ಕೊಳ್ಳಿ. ಕರೆಂಟ್ ಹೋಯ್ತು. ಇವತ್ತಿನ ವಿಡಿಯೋ ಇಲ್ಲಿಂದಲೇ ಶುರು. ಯಾಕಂದ್ರೆ ಕೊಡಗಲ್ಲಿ "ಅಪ್‌ಡೇಟ್ ಆದ್ಮೇಲೆ ಹಾಳಾಯ್ತು" ಅಂತ ಬರೋ ಕಂಪ್ಯೂಟರುಗಳನ್ನ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅಪ್‌ಡೇಟ್ ಪೂರ್ತಿ ಆಗಿತ್ತಾ, ಅರ್ಧಕ್ಕೆ ನಿಂತಿತ್ತಾ?

ಅರ್ಧಕ್ಕೆ ನಿಂತಿದ್ರೆ ಗಾಬರಿ ಬೇಡ. ಕರೆಂಟ್ ಬಂದ್ಮೇಲೆ ಆನ್ ಮಾಡಿದ್ರೆ ಸಾಮಾನ್ಯವಾಗಿ ವಿಂಡೋಸ್ ತಾನೇ ಹಿಂದಕ್ಕೆ ಹೋಗುತ್ತೆ, "ಅನ್‌ಡೂಯಿಂಗ್ ಚೇಂಜಸ್" ಅಂತ ತೋರಿಸುತ್ತೆ. ಹಳೇ ಹಾರ್ಡ್ ಡಿಸ್ಕ್ ಇರೋ ಮಷೀನಲ್ಲಿ ಇದಕ್ಕೆ ಒಂದೆರಡು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. ಡಿಸ್ಕ್ ಲೈಟ್ ಮಿಣುಕ್ತಾ ಇರೋ ತನಕ ಪವರ್ ಬಟನ್ ಮುಟ್ಟಬೇಡಿ. ಕೆಡೋದು ಹೆಚ್ಚಾಗಿ ಮೊದಲನೇ ಸಲ ಕರೆಂಟ್ ಹೋದಾಗ ಅಲ್ಲ, ತಾಳ್ಮೆ ಕೆಟ್ಟು ನಾವೇ ಎರಡನೇ ಸಲ ಆಫ್ ಮಾಡಿದಾಗ.

ಪೂರ್ತಿ ಆಗಿದೆ, ಆದ್ರೂ ಏನೋ ಸರಿ ಇಲ್ಲ ಅಂದ್ರೆ ಮೊದಲು ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಆನ್ ಮಾಡೋದಲ್ಲ, ರೀಸ್ಟಾರ್ಟ್. ಬೇಗ ಆನ್ ಆಗೋಕೆ ಅಂತ ಇರೋ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಕರ್ನಲ್ಲನ್ನ, ಅಂದ್ರೆ ತನ್ನ ಒಳತಿರುಳನ್ನ, ಡಿಸ್ಕಲ್ಲಿ ಉಳಿಸಿ ಮಲಗುತ್ತೆ, ಮಾರನೇ ದಿನ ಅದೇ ಸ್ಥಿತಿಯಲ್ಲಿ ಏಳುತ್ತೆ. ಡ್ರೈವರುಗಳನ್ನ, ಅಂದ್ರೆ ವೈಫೈ, ಸೌಂಡ್ ಥರದ ಭಾಗಗಳನ್ನ ನಡೆಸೋ ಸಾಫ್ಟ್‌ವೇರನ್ನ, ಹೊಸದಾಗಿ ಲೋಡ್ ಮಾಡೋದು ರೀಸ್ಟಾರ್ಟ್.

ಈಗ ಕಷ್ಟದ್ದು. ಕಂಪ್ಯೂಟರ್ ಒಳಗೇ ಹೋಗ್ತಿಲ್ಲ, ಲೋಗೋ ಬಂದು ಮತ್ತೆ ರೀಸ್ಟಾರ್ಟ್, ಮತ್ತೆ ಲೋಗೋ. ಚಕ್ರ ತಿರುಗ್ತಿರುವಾಗ ಪವರ್ ಬಟನ್ 10 ಸೆಕೆಂಡ್ ಒತ್ತಿ ಆಫ್ ಮಾಡಿ. ಹೀಗೆ ಎರಡು ಸಲ. ಮೂರನೇ ಸಲ ಆನ್ ಮಾಡಿದಾಗ ರಿಪೇರಿ ಪರದೆ ಬರುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಎರಡು ಆಯ್ಕೆ ಕಾಣುತ್ತೆ. ಕ್ವಾಲಿಟಿ ಅಪ್‌ಡೇಟ್ ಅಂದ್ರೆ ತಿಂಗಳ ತಿಂಗಳ ಸಣ್ಣದು, ಫೀಚರ್ ಅಪ್‌ಡೇಟ್ ಅಂದ್ರೆ ಆವೃತ್ತಿಯೇ ಬದಲಾಗೋ ದೊಡ್ಡದು. ಮೊದಲು ಕ್ವಾಲಿಟಿ ತೆಗೆದು ನೋಡಿ. ಫೀಚರ್ ಅಪ್‌ಡೇಟ್ ವಾಪಸ್ ತೆಗೆಯೋಕೆ ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ. ಹಳೇ ವಿಂಡೋಸ್ ಇರೋದು ಸಿ ಡ್ರೈವಿನ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರಲ್ಲಿ. ಜಾಗ ಸಾಲಲ್ಲ ಅಂತ ಎರಡನೇ ದಿನಕ್ಕೇ ಅದನ್ನ ಅಳಿಸಿದ್ರೆ ಹಿಂದಿನ ದಾರಿ ಮುಚ್ಚಿತು.

ಈ ರಿಪೇರಿ ಹೊತ್ತಲ್ಲೇ ಬಿಟ್‌ಲಾಕರ್, ಅಂದ್ರೆ ಡಿಸ್ಕಿಗೆ ಬೀಗ ಹಾಕೋ ವಿಂಡೋಸಿನ ವ್ಯವಸ್ಥೆ, 48 ಅಂಕಿಯ ರಿಕವರಿ ಕೀ ಕೇಳಬಹುದು. "ನಾನು ಬಿಟ್‌ಲಾಕರ್ ಹಾಕೇ ಇಲ್ಲ" ಅಂತೀರಿ. ಹೊಸ ಲ್ಯಾಪ್‌ಟಾಪಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದ ಕೂಡಲೇ ಡಿವೈಸ್ ಎನ್‌ಕ್ರಿಪ್ಷನ್ ಅನ್ನೋ ಇದೇ ಬೀಗ ತಾನಾಗೇ ಆನ್ ಆಗಿರೋದು ಮಾಮೂಲು. ಕೀ ಅದೇ ಅಕೌಂಟಲ್ಲಿ ಇರುತ್ತೆ. ಮೊಬೈಲಿಂದ ಲಾಗಿನ್ ಆಗಿ, ಡಿವೈಸಸ್ ಅನ್ನೋ ಕಡೆ ಹುಡುಕಿ. ಎರಡು ಮೂರು ಕೀ ಇದ್ರೆ ಪರದೆ ಮೇಲಿನ ಕೀ ಐಡಿಯ ಮೊದಲ 8 ಅಕ್ಷರಕ್ಕೆ ಹೊಂದೋದನ್ನ ಆರಿಸಿ. ಆದ್ರೆ ಕರೆಂಟಿಲ್ಲದೆ ಟವರ್ರೂ ಮಲಗಿರೋ ದಿನ ಮೊಬೈಲಿಂದ ಏನು ಲಾಗಿನ್ ಆಗ್ತೀರಿ? ಅದಕ್ಕೇ ಇವತ್ತೇ, ಎಲ್ಲ ಸರಿ ಇರುವಾಗಲೇ, ಆ 48 ಅಂಕಿ ಕಾಗದದ ಮೇಲೆ ಬರೆದು ತೋಟದ ಪಹಣಿ ಇಡೋ ಬೀರುವಲ್ಲೇ ಇಡಿ.

ಒಳಗೆ ಹೋಗೋಕಾಗುತ್ತೆ, ಆದ್ರೆ ಆ್ಯಪ್ ತೆರೆಯಲ್ಲ, ಸ್ಟಾರ್ಟ್ ಮೆನು ಸತ್ತಿದೆ ಅಂದ್ರೆ ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪರದೆ ಮೇಲೆ ಕಾಣ್ತಿರೋ ಎರಡು ಕಮಾಂಡ್ ಕೊಡಿ. ಮೊದಲು ಡಿಸ್ಮ್ ರಿಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ತುಂಬಾ ಜನ ಉಲ್ಟಾ ಮಾಡ್ತಾರೆ. ಎಸ್‌ಎಫ್‌ಸಿ ಕೆಟ್ಟ ಫೈಲಿಗೆ ಬದಲಿ ತರೋದು ವಿಂಡೋಸಿನ ಒಳಗಿನ ಉಗ್ರಾಣದಿಂದ. ಉಗ್ರಾಣದಲ್ಲೇ ಹುಳು ಬಿದ್ದಿದ್ರೆ ಅಲ್ಲಿಂದ ತಂದು ಏನು ಪ್ರಯೋಜನ? ಡಿಸ್ಮ್ ಉಗ್ರಾಣವನ್ನ ಸರಿ ಮಾಡುತ್ತೆ. ಅದಕ್ಕೆ ನೆಟ್ ಬೇಕು. 62.3 ಪರ್ಸೆಂಟಲ್ಲಿ ನಿಂತ ಹಾಗೆ ಕಾಣಬಹುದು, ಬಿಡಿ, ಒಂದು ಕಾಫಿ ಕುಡಿದು ಬನ್ನಿ.

ವೈಫೈ ಗುರುತೇ ಮಾಯ ಆಗಿದ್ರೆ? ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ದಾರಿ ಸುಲಭ: ಆಂಡ್ರಾಯ್ಡ್ ಫೋನನ್ನ ಚಾರ್ಜರ್ ಕೇಬಲಲ್ಲಿ ಕಂಪ್ಯೂಟರಿಗೆ ಹಾಕಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ವೈಫೈ ಡ್ರೈವರ್ ಬೇಕಾಗಿಲ್ಲ. ಕೇಬಲ್ ಮಾತ್ರ ಡೇಟಾ ಹೋಗೋದಾಗಿರಲಿ, ಬರೀ ಚಾರ್ಜ್ ಆಗೋ ಅಗ್ಗದ ಕೇಬಲ್ ಆಗಲ್ಲ. ಆಮೇಲೆ ಡಿವೈಸ್ ಮ್ಯಾನೇಜರಲ್ಲಿ ವೈಫೈ ಕಾರ್ಡಿನ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ರೋಲ್ ಬ್ಯಾಕ್. ಆ ಬಟನ್ ಮಂಕಾಗಿದ್ರೆ ಹಿಂದಿನ ಡ್ರೈವರ್ ಉಳಿದಿಲ್ಲ ಅಂತ ಅರ್ಥ. ಆಗ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ನಿಮ್ಮ ಮಾಡೆಲಿನ ಡ್ರೈವರನ್ನೇ ಇಳಿಸಿ. "ಎಲ್ಲ ಡ್ರೈವರ್ ಒಂದೇ ಕ್ಲಿಕ್" ಅನ್ನೋ ಸಾಫ್ಟ್‌ವೇರುಗಳ ಸಹವಾಸ ಬೇಡವೇ ಬೇಡ. ಸೌಂಡ್ ಹೋಗಿದ್ರೂ ಇದೇ ದಾರಿ. ಅದಕ್ಕೂ ಬಗ್ಗದಿದ್ರೆ ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಲ್ಲೇ ಇರೋ ಡ್ರೈವರುಗಳ ಪಟ್ಟಿಯಿಂದ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಆರಿಸಿ, ಬಹಳಷ್ಟು ಸಲ ಕೆಲಸ ಆಗುತ್ತೆ.

ಪ್ರಿಂಟರ್ ಕ್ಯೂ ಸಿಕ್ಕಿಹಾಕಿಕೊಂಡಿದ್ರೆ ಸರ್ವಿಸಸ್‌ನಲ್ಲಿ ಆ ಕ್ಯೂ ನೋಡಿಕೊಳ್ಳೋ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗಿನ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಫೋಲ್ಡರ್ ಖಾಲಿ ಮಾಡಿ, ಮತ್ತೆ ಸ್ಪೂಲರ್ ಶುರು ಮಾಡಿ. ಅಷ್ಟೇ.

ಕನ್ನಡದಲ್ಲಿ ಕೆಲಸ ಮಾಡೋರಿಗೆ ಒಂದು ಮಾತು. ಹಳೇ ವಿಂಡೋಸಿಂದ 10 ಅಥವಾ 11ಕ್ಕೆ ಬಂದ್ಮೇಲೆ ತುಂಗಾ ಫಾಂಟಿನ ಕಡತಗಳು ಬೇರೆ ರೂಪದಲ್ಲಿ ಕಂಡು, ಪುಟದ ಅಳತೆಯೆಲ್ಲ ಏರುಪೇರಾಗಿದ್ರೆ ಕಡತ ಕೆಟ್ಟಿಲ್ಲ. ತುಂಗಾ ಈಗ ಆಪ್ಷನಲ್ ಫೀಚರ್. ಸೆಟ್ಟಿಂಗ್ಸಿನ ಆಪ್ಷನಲ್ ಫೀಚರ್ಸಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ, ವಾಪಸ್ ಬರುತ್ತೆ.

ಇನ್ನು ಸಮಯ. ತಿಂಗಳ ಅಪ್‌ಡೇಟ್ ಬಿಡುಗಡೆ ಆಗೋದು ಅಮೆರಿಕದ ಲೆಕ್ಕದಲ್ಲಿ ಎರಡನೇ ಮಂಗಳವಾರ ಬೆಳಿಗ್ಗೆ, ನಮಗೆ ಆ ರಾತ್ರಿ. ಸೆಟ್ಟಿಂಗ್ಸಲ್ಲಿ ಅದನ್ನ ಒಂದು ವಾರ ಪಾಝ್ ಮಾಡಿ, ಅಂದ್ರೆ ತಡೆದಿಟ್ಟು, ಗಾಳಿ ಇಳಿದ ದಿನ ನೋಡಿ ಹಾಕಿ. ಮೊಬೈಲ್ ಹಾಟ್‌ಸ್ಪಾಟೇ ಗತಿ ಅಂದ್ರೆ ಆ ಕನೆಕ್ಷನನ್ನ ಮೀಟರ್ಡ್ (ಡೇಟಾ ಲೆಕ್ಕದ್ದು) ಅಂತ ಗುರುತು ಮಾಡಿ, ಕೇಳದೇ ಡೇಟಾ ನುಂಗೋದು ಬಹುಮಟ್ಟಿಗೆ ನಿಲ್ಲುತ್ತೆ. ಆದ್ರೆ ತಿಂಗಳುಗಟ್ಟಲೆ ಮುಂದೂಡಬೇಡಿ, ಬಹುಪಾಲು ಅಪ್‌ಡೇಟುಗಳಲ್ಲಿ ಇರೋದು ಭದ್ರತೆಯ ತೇಪೆ.

ಕೊನೆಗೆ ಮನೆಯ ಇನ್ವರ್ಟರ್. ಅದಿದ್ರೂ ಕರೆಂಟ್ ಹೋದ ಕ್ಷಣ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತಾ? ಇನ್ವರ್ಟರಿನ ಮುಂದೋ ಹಿಂದೋ ಒಂದು ಸಣ್ಣ ಸ್ವಿಚ್ ಇರುತ್ತೆ, ನಾರ್ಮಲ್ ಮತ್ತು ಯುಪಿಎಸ್ ಅಂತ. ಯುಪಿಎಸ್ ಕಡೆ ಇದ್ರೆ ಬ್ಯಾಟರಿಗೆ ಬೇಗ ಬದಲಾಗುತ್ತೆ. ತೊಡಕು ಒಂದಿದೆ: ಆ ಕಡೆ ಹಾಕಿದಾಗ ಸುಮಾರು 180 ವೋಲ್ಟಿಗಿಂತ ಕೆಳಗೆ ಬಂದ್ರೆ ಅದು ಬ್ಯಾಟರಿಗೇ ಹೋಗುತ್ತೆ. ಲೈನಿನ ತುದಿಯ ಮನೆ, ಸಂಜೆ ಲೋ ವೋಲ್ಟೇಜು ಅಂದ್ರೆ ಕರೆಂಟ್ ಇದ್ದರೂ ಬ್ಯಾಟರಿ ಇಳೀತಾ ಇರುತ್ತೆ. ಅಂಥ ಕಡೆ ಇನ್ವರ್ಟರನ್ನ ನಾರ್ಮಲ್‌ನಲ್ಲೇ ಬಿಟ್ಟು ಕಂಪ್ಯೂಟರಿಗೆ ಮಾತ್ರ ಒಂದು 600 ವಿಎ ಯುಪಿಎಸ್ ಹಾಕಿ. ಅದಕ್ಕೆ ಮಾನಿಟರ್, ಸಿಪಿಯು, ರೌಟರ್ ಸಾಕು, ಲೇಸರ್ ಪ್ರಿಂಟರ್ ಮಾತ್ರ ಸಿಕ್ಕಿಸಬೇಡಿ.