ನಮ್ಮಪ್ಪ, ಒಂದು ಮರದ ಕುರ್ಚಿ ಮತ್ತು 30 ಸೆಕೆಂಡು

ನಮಸ್ಕಾರ. ಬೆಳಗ್ಗೆ ಆರೂಕಾಲು, ಮುಂಬೈ ಮಾಟುಂಗಾದ ಫೈವ್ ಗಾರ್ಡನ್ಸ್ ಪಾರ್ಕು. ಆ ನೀಲಿ ಶರ್ಟಿನವರು, ಕ್ಯಾಮೆರಾ ಕಂಡ ಕೂಡಲೇ ಬಿರಬಿರನೆ ಹೆಜ್ಜೆ ಹಾಕ್ತಿದ್ದಾರಲ್ಲ, ಅವರೇ ನಮ್ಮಪ್ಪ. ವಯಸ್ಸು 74. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಇಲ್ಲಿನ ಹೋಟೆಲಿನಲ್ಲಿ ನಲವತ್ತು ವರ್ಷ ದುಡಿದವರು. ವ್ಯಾಯಾಮ ಅಂದರೆ ಅವರದು ಒಂದೇ ಮಾತು, "ಅಷ್ಟು ವರ್ಷ ನಿಂತದ್ದು ಸಾಲದಾ?"

ವಾಕಿಂಗ್ ಮಾತ್ರ ತಪ್ಪಿಸುವುದಿಲ್ಲ. ಅದಕ್ಕೇ ನಾನೂ ಆರಾಮಾಗಿದ್ದೆ. ಒಂದು ದಿನ ನೋಡಿದರೆ ಅಪ್ಪ ಮಂಚದ ಮೇಲೆ ಕೂತು ಪ್ಯಾಂಟು ಹಾಕಿಕೊಳ್ಳುತ್ತಿದ್ದಾರೆ. ಮೊದಲೆಲ್ಲ ನಿಂತೇ ಹಾಕಿಕೊಳ್ಳುತ್ತಿದ್ದವರು! ಆಮೇಲೆ ಗಮನಿಸಿದೆ, ಸೋಫಾದಿಂದ ಏಳಬೇಕಾದರೂ ಎರಡೂ ಕೈ ಊರಿ, "ಅಯ್ಯಬ್ಬ" ಅಂತ ಒಂದು ಸ್ವರ ಹೊರಡಿಸಿ ಏಳುತ್ತಾರೆ. ನಮ್ಮದು ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗು, ಮೂರನೇ ಮಹಡಿ, ಮಳೆಗಾಲದಲ್ಲಿ ಮೆಟ್ಟಿಲೆಲ್ಲ ಒದ್ದೆ. ಹೆದರಿಕೆ ಆಗದೆ ಇರುತ್ತಾ?

ಫಿಸಿಯೋಥೆರಪಿ ಮಾಡುವ ಗೆಳತಿಯನ್ನು ಕೇಳಿದೆ. ನಡಿಗೆ ಹೃದಯಕ್ಕೆ, ಬಿಪಿಗೆ, ಶುಗರಿಗೆ ಒಳ್ಳೆಯದೇ, ಆದರೆ ತೊಡೆಯ ಬಲ ಮತ್ತು ಬ್ಯಾಲೆನ್ಸ್ ಬರೀ ನಡೆದರೆ ಉಳಿಯುವುದಿಲ್ಲ, ಅದಕ್ಕೆ ಬೇರೆ ಕೆಲಸ ಬೇಕು ಅಂದಳು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದನ್ನೇ. 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥದ್ದು, 2 ದಿನವಾದರೂ ಸ್ನಾಯುಗಳಿಗೆ ಬಲ ಕೊಡುವಂಥದ್ದು, 3 ದಿನ ಬ್ಯಾಲೆನ್ಸಿನದ್ದು. ನಾವೆಲ್ಲ ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದೇವೆ, ಅಲ್ವಾ?

ಅವಳು ಒಂದು ಪರೀಕ್ಷೆ ಹೇಳಿಕೊಟ್ಟಳು. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಎರಡೂ ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ, ಎಣಿಸಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ 70ರಿಂದ 74ರ ಗಂಡಸರು 12ಕ್ಕಿಂತ ಕಡಿಮೆ, ಹೆಂಗಸರು 10ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಜಾಸ್ತಿ. ಅಪ್ಪ ಎದ್ದದ್ದು 9 ಸಲ. ತಪ್ಪು ಕುರ್ಚಿಯದೇ ಅಂತೆ, ತುಂಬ ತಗ್ಗು!

ಹಿಂದೆ ಮಣೆ ಮೇಲೆ ಕೂತು ಉಣ್ಣುತ್ತಿದ್ದರು, ಚಾಪೆಯಿಂದ ಏಳುತ್ತಿದ್ದರು, ದಿನಕ್ಕೆ ಹತ್ತಿಪ್ಪತ್ತು ಸಲ ಮಂಡಿ ಪೂರ್ತಿ ಮಡಚಿ ಬಿಚ್ಚುತ್ತಿತ್ತು. ಈಗ ಊಟದ ಟೇಬಲ್ಲು, ಕಮೋಡು, ಎತ್ತರದ ಮಂಚ. ಕಾಲಿಗೆ ಕೆಲಸವೇ ಇಲ್ಲ.

ಅಪ್ಪನ ಮನಸ್ಸು ತಿರುಗಿಸಿದ್ದು 1990ರ ಒಂದು ಸಂಶೋಧನೆ. ಬೋಸ್ಟನ್ನಿನ ವೃದ್ಧರ ಮನೆಯಲ್ಲಿ 90ರ ಆಸುಪಾಸಿನವರಿಂದ 8 ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದ 9 ಮಂದಿಯ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. "ತೊಂಬತ್ತಕ್ಕಾ?" ಅಂತ ಎರಡು ಸಲ ಕೇಳಿದರು.

ಮರುದಿನದಿಂದ ಶುರು. ಮರದ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು. ಅಡಿಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಕಟ್ಟೆ ಬಿಡಬಾರದು ಮತ್ತೆ. ಗೋಡೆಗೆ ಕೈಕೊಟ್ಟು ತಳ್ಳುವುದು. ಎಣಿಸುವುದು ಅಮ್ಮ. "ಏಳು ಆಯ್ತು, ಹತ್ತು ಅನ್ಬೇಡಿ" ಅಂತ ಗದರುತ್ತಾಳೆ, ತಾನೂ ದೋಸೆ ಬೇಯುವಷ್ಟರಲ್ಲಿ ಹಿಮ್ಮಡಿ ಎತ್ತಿ ಇಳಿಸುತ್ತಾಳೆ. ಇನ್ಸುಲಿನ್ನೋ ಶುಗರ್ ಮಾತ್ರೆಯೋ ಇದ್ದವರು, ಹೃದಯದ ತೊಂದರೆ ಇದ್ದವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಎದೆ ಹಿಡಿದಂತಾದರೆ ಅಲ್ಲೇ ನಿಲ್ಲಿಸಿ.

ಪಾರ್ಕಿನಲ್ಲಿ ನಮ್ಮ ಹಿಂದಿನಿಂದ ಹಾ ಹಾ ಅಂತ ಕೇಳ್ತಿದೆಯಲ್ಲ, ಅದು ನಗೆಕೂಟ, ಎಲ್ಲ ಸೇರಿ ಸುಮ್ಮನೆ ನಗುವುದು. 1995ರಲ್ಲಿ ಡಾ. ಮದನ್ ಕಟಾರಿಯಾ ಇದೇ ಮುಂಬೈನ ಅಂಧೇರಿಯ ಪಾರ್ಕಿನಲ್ಲಿ ಐದೇ ಜನರಿಂದ ಶುರು ಮಾಡಿದ್ದು. ಅಪ್ಪನಿಗೆ ಅದು ಆಗಿಬರುವುದಿಲ್ಲ, "ಕಾರಣ ಇಲ್ಲದೆ ಹೇಗೆ ನಗುವುದು" ಅಂತಾರೆ. ನನಗೇನೋ ಒಂದು ದಿನ ಹೋಗಿ ನೋಡುವ ಅಂತಿದೆ.

ನಾಲ್ಕು ತಿಂಗಳಾಯಿತು. ನಿನ್ನೆ ಎಣಿಸಿದರೆ 13. ಸೋಫಾದ "ಅಯ್ಯಬ್ಬ" ನಿಂತಿದೆ. ಪ್ಯಾಂಟು ಮಾತ್ರ ಈಗಲೂ ಕೂತೇ ಹಾಕಿಕೊಳ್ಳುತ್ತಾರೆ. ಯಾಕಪ್ಪಾ ಅಂದರೆ, "ಕೂತು ಹಾಕೊಂಡ್ರೆ ಆರಾಮ ಮಾರಾಯ್ತಿ." ಗೆಳತಿಗೆ ಹೇಳಿದೆ. "ಹಾಕ್ಕೊಳ್ಳಲಿ ಬಿಡು, ಅದೇ ಸೇಫು" ಅಂದಳು.