ಬಿಟ್ಟ ಮೀನಿನ ಲೆಕ್ಕ

ನಮಸ್ಕಾರ. ಜುಲೈ ತಿಂಗಳ ಒಂದು ಮಧ್ಯಾಹ್ನದಿಂದ ಮಾತು ಶುರು ಮಾಡುತ್ತೇನೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಎರಡು ಗಂಟೆ ದಾರಿಯಲ್ಲಿರುವ ಮಿಲ್ ಲ್ಯಾಕ್ಸ್ ಸರೋವರ. ದೋಣಿಯಲ್ಲಿ ನಾನು ಮತ್ತು ನನ್ನ ಗೆಳೆಯ. ಅವನು ಗಾಳಕ್ಕೆ ಜೀವಂತ ಜಿಗಣೆ ಸಿಕ್ಕಿಸಿದ್ದ. ಮಲೆನಾಡಿನವರು ಕಂಡೊಡನೆ ಸುಣ್ಣವನ್ನೋ ಉಪ್ಪನ್ನೋ ಹುಡುಕುವ ಆ ಬಳಗವನ್ನು ಇಲ್ಲಿ ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ! ವಾಲೈ ಎಂಬ ಸಿಹಿನೀರಿನ ಮೀನು ಅದನ್ನು ಗಂಟಲಿನವರೆಗೆ ನುಂಗಿತ್ತು. ಎಳೆದು ಬಿಡಿಸುವಾಗ ಕಿವಿರಿನಿಂದ ರಕ್ತ ಸುರಿಯಿತು. ಅಳತೆ ನಿಯಮಕ್ಕೆ ಹೊಂದದ ಮೀನು, ಬಿಡಲೇಬೇಕು. ಬಿಟ್ಟ. ಅದು ಎರಡು ಸಲ ಬಾಲ ಆಡಿಸಿ, ಹೊಟ್ಟೆ ಮೇಲೆ ಮಾಡಿ ತೇಲಿತು. "ಬಿಟ್ಟೆನಲ್ಲ, ಇನ್ನು ನನ್ನದೇನೂ ಇಲ್ಲ" ಎಂದು ಅವನು ಕೈ ತೊಳೆದುಕೊಂಡ. ಅವನು ಹೊಸ ಗಾಳ ಕಟ್ಟುವಷ್ಟರಲ್ಲಿ ಗಲ್ ಹಕ್ಕಿ ಬಂದಿತ್ತು.

ನನ್ನ ತಕರಾರು ಇರುವುದು ಆ "ನನ್ನದೇನೂ ಇಲ್ಲ" ಎಂಬ ಮಾತಿನ ಮೇಲೆ.

ಈ ಸರೋವರದಲ್ಲಿ ವಾಲೈ ಕಡಿಮೆಯಾದದ್ದು ಏಕೆ ಎಂದು ದಡದ ಯಾವ ಅಂಗಡಿಯಲ್ಲಿ ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ: ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಬಲೆ. ವಸಂತದಲ್ಲಿ ಮಂಜುಗಡ್ಡೆ ಕರಗುತ್ತಲೇ ಅವರು ಬಲೆ ಹಾಕುತ್ತಾರೆ, ನಿಜ. ಅದು ಅಮೆರಿಕ ಸರ್ಕಾರಕ್ಕೆ ನೆಲ ಬಿಟ್ಟುಕೊಟ್ಟ 1837ರ ಒಪ್ಪಂದದಲ್ಲಿ ಅವರು ಉಳಿಸಿಕೊಂಡ ಹಕ್ಕು. 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಅದನ್ನು ಎತ್ತಿಹಿಡಿಯಿತು. ಅವರ ಪಾಲಿಗೂ ಮಿತಿಯಿದೆ, ಬಲೆಗೆ ಬಿದ್ದದ್ದು ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಗಾಳಕ್ಕೆ ಸಿಕ್ಕಿ, ಬಿಟ್ಟ ಮೇಲೆ ಸತ್ತದ್ದನ್ನು ಅಂದಾಜಿನಲ್ಲಿ ಕಟ್ಟಬೇಕು.

ಆ ಅಂದಾಜು ಚಿಕ್ಕದೇನಲ್ಲ. 2016ರಲ್ಲಿ ಬೇಸಿಗೆಯ ಉದ್ದಕ್ಕೂ ಗಾಳ ಹಾಕುವವರು ಒಂದು ವಾಲೈಯನ್ನೂ ಮನೆಗೆ ಒಯ್ಯುವಂತಿರಲಿಲ್ಲ. ಹಾಗಿದ್ದೂ ಗಾಳ ಹಾಕುವವರಿಗೆಂದು ಇದ್ದ ರಾಜ್ಯದ ಪಾಲಿನ ಮಿತಿ 28,600 ಪೌಂಡ್, ಅಂದರೆ ಸುಮಾರು 13,000 ಕಿಲೋ, ಬಿಟ್ಟ ಮೇಲೆ ಸತ್ತ ಮೀನುಗಳಿಂದಲೇ ಮೀರಿಹೋಯಿತು. ನೀರು ಬೆಚ್ಚಗಾದಷ್ಟೂ ಬಿಟ್ಟ ಮೀನು ಬದುಕುವ ಸಾಧ್ಯತೆ ಇಳಿಯುತ್ತದೆ. 2017ರ ಜುಲೈನಲ್ಲಿ ಕೆಲವು ವಾರ ವಾಲೈಗೆ ಗಾಳ ಹಾಕುವುದನ್ನೇ ನಿಲ್ಲಿಸಿದರು. ಆಗ ಎದ್ದ ಗಲಾಟೆ ನೋಡಬೇಕಿತ್ತು.

ಹಾಗೆಂದು ಗಾಳವೇ ಇಡೀ ಕಥೆಯಲ್ಲ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ವಾಲೈ ಕಣ್ಣು ದನದ ಕಣ್ಣಿನ ಹಾಗೆ ಹೊಳೆಯುತ್ತದೆ. ಮಬ್ಬು ನೀರಿನಲ್ಲಿ ಬೇಟೆಯಾಡಲೆಂದೇ ಆದ ಕಣ್ಣು ಅದು. ಇಲ್ಲಿನ ನೀರು 1980ರ ದಶಕದಿಂದಲೇ ತಿಳಿಯಾಗುತ್ತ ಬಂದಿತ್ತು. 2005ರಲ್ಲಿ ಝೀಬ್ರಾ ಮಸಲ್ ಎಂಬ ಪರದೇಶದ ಚಿಪ್ಪುಜೀವಿ ಕಾಣಿಸಿಕೊಂಡಿತು. ಉಗುರಿನಷ್ಟು ದೊಡ್ಡದು, ಆದರೆ ಲೆಕ್ಕವಿಲ್ಲದಷ್ಟು. ನೀರನ್ನು ಸೋಸಿ ಸೋಸಿ ಸೂಕ್ಷ್ಮಜೀವಿಗಳನ್ನೆಲ್ಲ ತಿನ್ನುತ್ತದೆ. 2009ರಲ್ಲಿ ಮುಳ್ಳು ಬಾಲದ ನೀರುಚಿಗಟವೂ ಸಿಕ್ಕಿತು. ಮರಿಮೀನುಗಳ ಆಹಾರಕ್ಕೆ ಅದೂ ಪಾಲುದಾರ. ಸರೋವರದ ಅತಿ ಆಳವೇ 42 ಅಡಿ, ಹಾಗಾಗಿ ಬೇಸಿಗೆ ಬಿಸಿಯಾದರೆ ತಂಪಿಗೆ ಅಡಗಲು ಜಾಗವಿಲ್ಲ. ವಾಲೈಗೆ ಒಳ್ಳೆಯ ಊಟವಾಗಿದ್ದ, ತಣ್ಣೀರು ಬೇಡುವ ಟುಲಿಬಿ ಮೀನು ಇದರಿಂದಲೇ ಸೊರಗಿದೆ. ಮೊಟ್ಟೆಗೆ ಬರವಿಲ್ಲ, ಮರಿಯೂ ಹುಟ್ಟುತ್ತದೆ, ದೊಡ್ಡದಾಗುವುದು ಮಾತ್ರ ಕಡಿಮೆ.

ತಮಾಷೆಯೆಂದರೆ, ವಾಲೈಗೆ ಒಗ್ಗದ ಇದೇ ತಿಳಿನೀರಿನಲ್ಲಿ ಸ್ಮಾಲ್‌ಮೌತ್ ಬಾಸ್ ಮೀನು ಕೊಬ್ಬಿದೆ. 2017ರಲ್ಲಿ ಬಾಸ್ ಪ್ರಿಯರ ಪತ್ರಿಕೆಯೊಂದು ಈ ಸರೋವರಕ್ಕೆ ಇಡೀ ದೇಶದಲ್ಲೇ ಮೊದಲ ಸ್ಥಾನ ಕೊಟ್ಟಿತು. ಸರೋವರ ಕೆಟ್ಟಿದೆ ಎಂದು ಹಣೆ ಚಚ್ಚಿಕೊಳ್ಳುವವರು, ಸ್ವರ್ಗ ಸಿಕ್ಕಿತೆಂದು ಬರುವವರು, ಇಬ್ಬರ ದೋಣಿಯೂ ಒಂದೇ ಕಟ್ಟೆಯಿಂದ ನೀರಿಗಿಳಿಯುತ್ತದೆ.

ಬಲೆಯನ್ನು ಬಯ್ಯುವವರಿಗೆ ನಾನು ಇನ್ನೂ ಉತ್ತರಕ್ಕಿರುವ ರೆಡ್ ಲೇಕ್ ತೋರಿಸುತ್ತೇನೆ. ಅಲ್ಲಿ ವಾಲೈ ಬರಿದಾದಾಗ 1997ರಲ್ಲಿ ಒಜಿಬ್ವೆ ಮೀನುಗಾರರೇ ಮೊದಲು ಬಲೆ ಎತ್ತಿಟ್ಟರು. ಅದು ಅವರ ಅನ್ನ, ಶೋಕಿಯಲ್ಲ. ಎರಡು ವರ್ಷದ ಬಳಿಕ ರಾಜ್ಯವೂ ತನ್ನ ಭಾಗದಲ್ಲಿ ವಾಲೈ ಹಿಡಿಯುವುದನ್ನು ನಿಲ್ಲಿಸಿತು. ಕೋಟಿಗಟ್ಟಲೆ ಮರಿ ಬಿಟ್ಟರು, ಕಾದರು, 2006ರಲ್ಲಿ ಮತ್ತೆ ತೆರೆದರು. ಅಲ್ಲಿನ ಕಾಯಿಲೆ ಮಿತಿಮೀರಿ ಹಿಡಿದದ್ದು, ಆದ್ದರಿಂದ ಮದ್ದು ನಾಟಿತು. ಮಿಲ್ ಲ್ಯಾಕ್ಸ್‌ನಲ್ಲಿ ಅಷ್ಟು ಸಲೀಸಲ್ಲ. ಚಿಪ್ಪುಜೀವಿಗೆ ರಜೆ ಘೋಷಿಸಲು ಬರುವುದಿಲ್ಲ. ನಮ್ಮ ಕೈಯಲ್ಲಿರುವುದು ಗಾಳ ಒಂದೇ.

ಈ ಜುಲೈನಲ್ಲೂ ಗೆಳೆಯ ಕರೆ ಮಾಡುತ್ತಾನೆ, ನನಗೆ ಗೊತ್ತು. "ಎಲ್ಲವನ್ನೂ ಬಿಟ್ಟುಬಿಡೋಣ, ಸುಮ್ಮನೆ ಮಜಾಕ್ಕೆ ಬಾ" ಎನ್ನುತ್ತಾನೆ. ನೀರು ತಣ್ಣಗಾಗಲಿ, ಅಕ್ಟೋಬರ್‌ನಲ್ಲಿ ಬರುತ್ತೇನೆ, ಜಿಗಣೆ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಾ ಎನ್ನುತ್ತೇನೆ. ಬಹುಶಃ ಅವನು ಬೇರೆ ಜೊತೆಗಾರನನ್ನು ಹುಡುಕಿಕೊಳ್ಳುತ್ತಾನೆ.